ನದಿಯ ಹೊರೆಯನ್ನು ತೂಗಿದ ಗಿಲ್ಬರ್ಟ್

ನೆರೆ ಬಂದ ಹೊಳೆಯನ್ನು ದಡದಲ್ಲಿ ನಿಂತು ಯಾರಾದರೂ ನೋಡಬಹುದು. ಆದರೆ ಆ ಕೆನ್ನೀರಿನ ತಳದಲ್ಲಿ ಉರುಳುವ ಮರಳು ಜಲ್ಲಿಗಳು ಕಣ್ಣಿಗೆ ಬೀಳವು. ಈ ಕಾಣದ ಹೊರೆಯ ಲೆಕ್ಕ ಹಿಡಿಯಲು ಹೊರಟ ಗ್ರೋವ್ ಕಾರ್ಲ್ ಗಿಲ್ಬರ್ಟನ ಜೀವನವು ವಿದ್ಯಾರ್ಥಿಗಳು ಅರಿಯತಕ್ಕದ್ದೆಂದು ನಾನು ಭಾವಿಸುತ್ತೇನೆ.

ಗಿಲ್ಬರ್ಟನು 1843ರಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಚಿತ್ರಕಾರನೊಬ್ಬನ ಮಗನಾಗಿ ಜನಿಸಿದನು. 1862ರಲ್ಲಿ ಪದವೀಧರನಾದನು. ಮುಂದೆ ಭೂವಿಜ್ಞಾನಿಯಾಗಿ ಪಶ್ಚಿಮದ ಪರ್ವತಗಳನ್ನೂ ಮರುಭೂಮಿಗಳನ್ನೂ ಸುತ್ತಿ, ಹೆನ್ರಿ ಪರ್ವತಗಳನ್ನೂ ಬತ್ತಿಹೋದ ಬಾನ್‌ವಿಲ್ ಸರೋವರವನ್ನೂ ಕುರಿತು ಗ್ರಂಥಗಳನ್ನು ಬರೆದು ಕೀರ್ತಿವಂತನಾದನು.

ಕ್ಯಾಲಿಫೋರ್ನಿಯಾದಲ್ಲಿ 1853ರಿಂದ ಗಣಿಗಾರರು ಚಿನ್ನಕ್ಕಾಗಿ ರಭಸದ ನೀರಿನ ಧಾರೆಯಿಂದ ಗುಡ್ಡಗಳನ್ನೇ ಕೊಚ್ಚುತ್ತಿದ್ದರು. ಆ ಕಲ್ಲುಮಣ್ಣು ಯೂಬಾ ನದಿಯ ಪಾತ್ರವನ್ನು ತುಂಬಿತು. ನೆರೆಯು ಹೊಲಗಳ ಮೇಲೆ ಹೂಳು ಹರಡಿತು. 1875ರಲ್ಲಿ ಮೇರಿಸ್‌ವಿಲ್ ಪಟ್ಟಣವು ನೀರಿನಲ್ಲಿ ಮುಳುಗಿತು. 1884ರಲ್ಲಿ ನ್ಯಾಯಾಧೀಶ ಸಾಯರನು ಗಣಿಯ ಕಲ್ಲುಮಣ್ಣನ್ನು ನದಿಗೆ ಬಿಡಕೂಡದೆಂದು ತೀರ್ಪಿತ್ತನು. ಗಣಿಗಾರರು ಸುಮ್ಮನಿರಲಿಲ್ಲ. ಒಂದು ಕಡೆ ಚಿನ್ನ, ಇನ್ನೊಂದು ಕಡೆ ಅನ್ನ. ನಡುವೆ ನಿಂತು ಸತ್ಯವನ್ನು ಅಳೆದು ಹೇಳುವ ಹೊಣೆಯು 1905ರಲ್ಲಿ, ಅರುವತ್ತು ದಾಟಿದ್ದ ಗಿಲ್ಬರ್ಟನ ಪಾಲಿಗೆ ಬಂದಿತು.

ನೆರೆಯ ತಳಕ್ಕಿಳಿದು ಅಳೆಯುವುದು ಸಾಧ್ಯವೇ? ಆತನು ಬರ್ಕಲಿಯಲ್ಲಿ ಮರದ ಹಲಗೆಗಳ ಕಾಲುವೆ ಕಟ್ಟಿಸಿ, ಇಳಿಜಾರು, ನೀರಿನ ಮೊತ್ತ, ಕಣದ ಗಾತ್ರ ಇವುಗಳನ್ನು ಒಂದೊಂದಾಗಿ ಬದಲಿಸುತ್ತ, ಸಾಗಿಬಂದ ಮರಳನ್ನು ತೂಗಿದನು. ಕಣಗಳು ಜಾರುತ್ತ, ಉರುಳುತ್ತ, ಕುಪ್ಪಳಿಸುತ್ತ ಸಾಗುವುದನ್ನು ಕಂಡನು. ಒಂದು ಮಿತಿಯವರೆಗೆ ಹರಿವು ಕಣವನ್ನು ಕದಲಿಸದು. ಮಿತಿ ಮೀರಿತೆಂದರೆ, ನೀರು ಹೆಚ್ಚಿದ ಪ್ರಮಾಣಕ್ಕಿಂತಲೂ ಅಧಿಕವಾಗಿ ಹೊರೆಯು ಹೆಚ್ಚುವುದು. ನೆರೆಯ ಕೆಲವೇ ದಿನಗಳು ನದಿಯ ತಳವನ್ನು ಮಾರ್ಪಡಿಸುವುದು ಇದರಿಂದಲೇ. ನಡುವೆ ಆರೋಗ್ಯ ಕೆಟ್ಟಾಗ ಸಹಾಯಕ ಮರ್ಫಿಯು ಪ್ರಯೋಗಗಳನ್ನು ಮುಂದುವರಿಸಿದನು. 1914ರಲ್ಲಿ ಗ್ರಂಥವು ಪ್ರಕಟವಾಯಿತು. ಕಾಲುವೆಯ ಸೂತ್ರಗಳು ದೊಡ್ಡ ನದಿಗೆ ನೇರವಾಗಿ ಒಗ್ಗವೆಂದು ಅದರಲ್ಲಿ ತಾನೇ ಒಪ್ಪಿಕೊಂಡನು. ಆತನ ಹಿರಿಮೆಯನ್ನು ನಾನು ಇಲ್ಲಿಯೇ ಕಾಣುತ್ತೇನೆ.

1917ರ ಗ್ರಂಥದಲ್ಲಿ, ನದಿಯು ಇಳಿದಿರುವ ಕಾಲದ ನೀರಿನ ಮಟ್ಟಗಳ ದಾಖಲೆಗಳಿಂದ ತಳದ ಏರಿಳಿತವನ್ನು ಓದಿದನು. ಪನಾಮಾ ಕಾಲುವೆಗಾಗಿ ಅಗೆದುದರ ಸುಮಾರು ಎಂಟರಷ್ಟು ಕಲ್ಲುಮಣ್ಣು ನಿಧಾನವಾದ ಅಲೆಯಂತೆ ಸಮುದ್ರದತ್ತ ಸಾಗುತ್ತಿತ್ತು. ಗಣಿಯು ನಿಂತರೂ ಅದರ ಹೊರೆ ನಿಲ್ಲದೆಂದು ತೋರಿಸಿದನು. ಉಳುಮೆ, ದನಗಳ ಮೇವು, ರಸ್ತೆಗಳಿಂದಲೂ ಮಣ್ಣು ಕೊಚ್ಚಿಹೋಗುವುದೆಂದೂ ಮರೆಮಾಚದೆ ಬರೆದನು. ಮರುವರ್ಷವೇ, 1918ರಲ್ಲಿ, ಗಿಲ್ಬರ್ಟನು ತೀರಿಕೊಂಡನು. ಗಣಿಗಾರನ ಮುಖವನ್ನಾಗಲಿ ರೈತನ ಮುಖವನ್ನಾಗಲಿ ನೋಡದೆ ತಕ್ಕಡಿಯ ಮುಳ್ಳನ್ನೇ ನೋಡಿದ ವಿಜ್ಞಾನಿ ಆತನು.