ಕೆಳದಿ ಬಸವಪ್ಪ ನಾಯಕ

ಒಂದನೆಯ ಬಸವಪ್ಪ ನಾಯಕನು ಕೆಳದಿ ಸಂಸ್ಥಾನವನ್ನು 1697ರಿಂದ 1714ರವರೆಗೆ ಆಳಿದ ಅರಸ ಹಾಗೂ ವಿದ್ವಾಂಸ. ಬಸವರಾಜ, ಬಸವಭೂಪಾಲ ಎಂಬ ಹೆಸರುಗಳಿಂದಲೂ ಪ್ರಸಿದ್ಧನಾಗಿದ್ದಾನೆ. ಸಂಸ್ಕೃತ ವಿಶ್ವಕೋಶವಾದ ಶಿವತತ್ತ್ವರತ್ನಾಕರ ಈತನ ಮುಖ್ಯ ಕೃತಿ. ಅಶ್ವಶಾಸ್ತ್ರವೂ ಅದರ ವಿಷಯಗಳಲ್ಲೊಂದು.

ಜೀವನ ಮತ್ತು ಆಳ್ವಿಕೆ

ಬಸವಪ್ಪನು ರಾಣಿ ಚೆನ್ನಮ್ಮಾಜಿಯ ದತ್ತುಪುತ್ರ. ಪತಿ ಸೋಮಶೇಖರ ನಾಯಕನ ಮರಣಾನಂತರ ರಾಜ್ಯವನ್ನಾಳಿದ ಚೆನ್ನಮ್ಮಾಜಿಯು ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಸೇನೆಯನ್ನು ಎದುರಿಸಿದಳು. ಆಕೆಯ ನಂತರ ಬಸವಪ್ಪನು ಪಟ್ಟವೇರಿದನು. ಆಗ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ. ಈಗಿನ ಕೊಪ್ಪ, ಶೃಂಗೇರಿ ಹಾಗೂ ಹಿಂದೆ ಎಡೇಹಳ್ಳಿ ಎನಿಸಿದ್ದ ನರಸಿಂಹರಾಜಪುರದ ಪ್ರದೇಶಗಳು ಕೆಳದಿಯ ಆಳ್ವಿಕೆಗೆ ಒಳಪಟ್ಟಿದ್ದವು. ವೀರಶೈವರಾಗಿದ್ದರೂ ಕೆಳದಿ ಅರಸರು ಶೃಂಗೇರಿ ಮಠಕ್ಕೆ ದತ್ತಿಗಳನ್ನು ನೀಡಿದ್ದರು.

ಶಿವತತ್ತ್ವರತ್ನಾಕರ

1709ರಲ್ಲಿ ಪೂರ್ಣಗೊಂಡ ಈ ಕೃತಿಯಲ್ಲಿ 9 ಕಲ್ಲೋಲಗಳೂ 108 ತರಂಗಗಳೂ ಇವೆ. ಮಗ ಸೋಮಶೇಖರನು ಕೇಳುವ ಪ್ರಶ್ನೆಗಳಿಗೆ ತಂದೆಯು ಉತ್ತರಿಸುವ ರೂಪದಲ್ಲಿ ಇದು ರಚಿತವಾಗಿದೆ. ರಾಜನೀತಿ, ಜ್ಯೋತಿಷ, ವೈದ್ಯ, ಸಂಗೀತ, ವಾಸ್ತು, ಪಾಕಶಾಸ್ತ್ರ ಮೊದಲಾದವುಗಳೊಡನೆ ಕೆಳದಿ ಅರಸರ ಚರಿತ್ರೆಯೂ ಇದರಲ್ಲಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಇದಕ್ಕೆ ಹಿಂದಿನ ಮಾದರಿ. ಸಂಸ್ಕೃತದಲ್ಲಿ ಸುಭಾಷಿತಸುರದ್ರುಮ, ಕನ್ನಡದಲ್ಲಿ ಸೂಕ್ತಿಸುಧಾಕರ ಈತನ ಇತರ ಕೃತಿಗಳು.

ಅಶ್ವಶಾಸ್ತ್ರದ ಹಿನ್ನೆಲೆ

ಮಲೆನಾಡಿನ ಅರಸನಿಗೆ ಕುದುರೆಯ ಆರೈಕೆ ರಾಜ್ಯರಕ್ಷಣೆಯ ಅಂಗವಾಗಿತ್ತು. ಉತ್ತಮ ತಳಿಯ ಕುದುರೆಗಳು ಅರಬ್ಬೀ ಸಮುದ್ರವನ್ನು ದಾಟಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದವು. ಒಣನಾಡಿನ ಆ ಪ್ರಾಣಿಯನ್ನು ತಿಂಗಳುಗಟ್ಟಲೆ ಮಳೆ ಸುರಿಯುವ ಘಟ್ಟಪ್ರದೇಶದಲ್ಲಿ ಸಾಕುವುದು ಸುಲಭವಾಗಿರಲಿಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಅಶ್ವವೈದ್ಯ ಪರಂಪರೆಯು ಕುದುರೆಯ ಬಣ್ಣ, ಸುಳಿ, ನಡಿಗೆಗಳ ಜೊತೆಗೆ ಆಹಾರ ಮತ್ತು ರೋಗಗಳನ್ನೂ ವಿವೇಚಿಸುತ್ತದೆ. ಕನ್ನಡದಲ್ಲಿ ಅಭಿನವಚಂದ್ರ ಹಾಗೂ ಪದ್ಮಣ ಪಂಡಿತರು ಈ ವಿಷಯದ ಬಗ್ಗೆ ಮೊದಲೇ ಗ್ರಂಥ ರಚಿಸಿದ್ದರು.

ಈ ಪರಂಪರೆಗೆ ಆಯುರ್ವೇದದ ತ್ರಿದೋಷ ಸಿದ್ಧಾಂತವೇ ಆಧಾರ. ಆಯುರ್ವೇದದ ಪ್ರಕಾರ ಹಗಲಿನ ಆರಂಭದಲ್ಲಿ ಕಫ, ಮಧ್ಯದಲ್ಲಿ ಪಿತ್ತ, ಅಂತ್ಯದಲ್ಲಿ ವಾತ ಪ್ರಬಲವಾಗುತ್ತವೆ. ಬಾವನ್ನು ಶೋಥವೆಂದು ಕರೆದು, ಅದಕ್ಕೆ ಕಾರಣವಾದ ದೋಷವನ್ನು ಗುರುತಿಸಿ ಚಿಕಿತ್ಸೆಯನ್ನು ನಿರ್ಧರಿಸಲಾಗುತ್ತದೆ. ಸುಮಾರು 24 ಗಂಟೆಗಳ ದೈಹಿಕ ಲಯಕ್ಕೂ ಉರಿಯೂತಕ್ಕೂ ಇರುವ ಸಂಬಂಧವನ್ನು ಇಂದಿನ ಜೀವವಿಜ್ಞಾನವು ಕುದುರೆಗಳಲ್ಲಿಯೂ ಅಧ್ಯಯನ ಮಾಡಿದೆ. ಇವೆರಡೂ ಒಂದೇ ಸಿದ್ಧಾಂತವಲ್ಲ. ಹಳೆಯದು ದೋಷಗಳ ಕಲ್ಪನೆಯನ್ನು, ಹೊಸದು ಜೀವಕೋಶಗಳ ಪರೀಕ್ಷೆಯನ್ನು ಅವಲಂಬಿಸಿದೆ. ಕಾಲಕ್ಕೂ ದೇಹಸ್ಥಿತಿಗೂ ನಂಟಿದೆಯೆಂಬ ಗಮನ ಮಾತ್ರ ಎರಡರಲ್ಲಿಯೂ ಇದೆ.

ನಿಧನಾನಂತರ

1714ರಲ್ಲಿ ಬಸವಪ್ಪನ ತರುವಾಯ ಮಗ ಸೋಮಶೇಖರನು ಅರಸನಾದನು. 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡಾಗ ಸಂಸ್ಥಾನವು ಕೊನೆಗೊಂಡಿತು. ಶಿವತತ್ತ್ವರತ್ನಾಕರವು ಉಳಿದು, 1927ರಲ್ಲಿ ಮದರಾಸಿನಲ್ಲಿ ಮುದ್ರಣಗೊಂಡಿತು. ಮಗನ ಶಿಕ್ಷಣದ ನೆಪದಲ್ಲಿ ರಚಿತವಾದ ಈ ಗ್ರಂಥವು ಇಂದು ಕೆಳದಿಯ ಚರಿತ್ರೆಗೂ ಆ ಕಾಲದ ಶಾಸ್ತ್ರಜ್ಞಾನಕ್ಕೂ ಪ್ರಮುಖ ಆಕರವಾಗಿದೆ.