ಪ್ರಾರ್ಥಿಸಿದರು, ಲೆಕ್ಕವನ್ನೂ ಬರೆದರು

ನಮ್ಮ ಚರ್ಚ್‌ಗಳಲ್ಲಿ ಪ್ರಾರ್ಥನೆಯ ಮಾತು ಬಂದಾಗಲೆಲ್ಲ ಜಾರ್ಜ್ ಮುಲ್ಲರ್ ಹೆಸರು ಬಂದೇ ಬರುತ್ತದೆ. ಯಾರ ಮುಂದೆಯೂ ಕೈಚಾಚದೆ, ದೇವರನ್ನಷ್ಟೇ ಕೇಳಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದವರು ಎಂದು ಸಂಡೇ ಸ್ಕೂಲ್‌ನಿಂದಲೂ ಕೇಳಿದ್ದೇನೆ. ಅವರ ಜೀವನವನ್ನು ಪೂರ್ತಿ ಓದಿದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಾರ್ಥನೆಗಿಂತ ಹೆಚ್ಚಾಗಿ ಅವರ ಲೆಕ್ಕದ ಪುಸ್ತಕ. ಏಕೆಂದರೆ ಈ ಮನುಷ್ಯ ಹುಡುಗನಾಗಿದ್ದಾಗ ಕಳ್ಳ.

1805ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ. ಅಪ್ಪ ಸುಂಕ ವಸೂಲಿ ಮಾಡುವ ಅಧಿಕಾರಿ. ಮನೆಯಲ್ಲಿರುತ್ತಿದ್ದ ಸರ್ಕಾರಿ ಹಣಕ್ಕೆ ಹುಡುಗ ಹತ್ತು ತುಂಬುವ ಮೊದಲೇ ಕೈಹಾಕಿದ. ಅನುಮಾನ ಬಂದು ಅಪ್ಪ ಒಮ್ಮೆ ಹಣ ಎಣಿಸಿಟ್ಟು ಹೊರಗೆ ಹೋದರು. ಕದ್ದದ್ದು ಮಗನ ಶೂ ಒಳಗೆ ಸಿಕ್ಕಿತು. ತಾಯಿ ಸಾಯುತ್ತಿದ್ದ ರಾತ್ರಿ, ಅದು ಗೊತ್ತಿಲ್ಲದೆ, 14ರ ಮಗ ಇಸ್ಪೀಟು ಆಡುತ್ತಿದ್ದ. 16ರಲ್ಲಿ ಹೋಟೆಲ್‌ಗಳಲ್ಲಿ ತಂಗಿ ಬಿಲ್ ಕೊಡದೆ ಜೈಲಿಗೂ ಹೋದ. ಇಂಥವನು ಹಾಲೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದುದು ಪಾದ್ರಿಯಾಗಲು! ಪಾದ್ರಿಯಾದರೆ ಮಗನ ಬದುಕು ಸುಖವಾಗಿರುತ್ತದೆ ಎಂಬುದು ಅಪ್ಪನ ಲೆಕ್ಕಾಚಾರ.

1825ರ ನವೆಂಬರ್‌ನಲ್ಲಿ ಗೆಳೆಯನ ಜೊತೆ ಒಂದು ಮನೆಯ ಪ್ರಾರ್ಥನಾ ಕೂಟಕ್ಕೆ ಹೋದ. ಆಗ ಅವನಿಗೆ ನನ್ನದೇ ವಯಸ್ಸು, 20. ಅಲ್ಲಿ ಒಬ್ಬರು ಮೊಣಕಾಲೂರಿ ಪ್ರಾರ್ಥಿಸುವುದನ್ನು ಕಂಡದ್ದೇ ಅವನ ಬದುಕಿನ ತಿರುವಾಯಿತು. ಇಲ್ಲಿಂದ ಮುಂದೆ ನಾನೂ ಏಕವಚನ ಬಿಡುತ್ತೇನೆ.

1829ರಲ್ಲಿ ಇಂಗ್ಲೆಂಡಿಗೆ ಬಂದ ಮುಲ್ಲರ್ ಮರುವರ್ಷವೇ ಸಭೆಯಿಂದ ಬರುತ್ತಿದ್ದ ನಿಗದಿತ ಸಂಬಳ ಬಿಟ್ಟರು. 1836ರಲ್ಲಿ ಬ್ರಿಸ್ಟಲ್‌ನ ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಅನಾಥ ಹೆಣ್ಣುಮಕ್ಕಳಿಗೆ ಆಶ್ರಯ ಶುರುವಾಯಿತು. 1870ರ ಹೊತ್ತಿಗೆ ಆ್ಯಶ್ಲಿ ಡೌನ್‌ನಲ್ಲಿ ಐದು ದೊಡ್ಡ ಕಟ್ಟಡಗಳು ಎದ್ದಿದ್ದವು. 2,050 ಮಕ್ಕಳಿಗೆ ಜಾಗ. ಇಷ್ಟಕ್ಕೂ ಅವರಿಗಿದ್ದ ನಿಯಮಗಳು ಎರಡು. ಕೊರತೆಯನ್ನು ಹೊರಗಿನವರಿಗೆ ಹೇಳಬಾರದು, ಸಾಲ ಮಾಡಬಾರದು. ಎರಡನೆಯದು ನನಗೆ ಸ್ವಲ್ಪ ಚುಚ್ಚುತ್ತದೆ. ನನ್ನ ಬಿಇ ನಡೆಯುತ್ತಿರುವುದೇ ಎಜುಕೇಷನ್ ಲೋನ್‌ನಲ್ಲಿ, ಅದಕ್ಕೆ ಸಹಿ ಹಾಕಿದ್ದು ಅಪ್ಪ. ಅಪ್ಪನಿಗೆ ದೇವರಲ್ಲಿ ನಂಬಿಕೆ ಕಡಿಮೆ ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ.

ಆದರೆ ಲೆಕ್ಕದ ವಿಷಯದಲ್ಲಿ ಮುಲ್ಲರ್‌ಗೆ ತಲೆಬಾಗುತ್ತೇನೆ. ಬಂದ ಕಾಣಿಕೆ ಎಷ್ಟೇ ಚಿಕ್ಕದಿರಲಿ, ಪೆನ್ನಿಯವರೆಗೂ ಬರೆದಿಡುತ್ತಿದ್ದರು. ವಾರ್ಷಿಕ ವರದಿಯಲ್ಲಿ ಕೊಟ್ಟವರ ಹೆಸರಿಲ್ಲದೆ ಮೊತ್ತ ಮಾತ್ರ ಅಚ್ಚಾಗುತ್ತಿತ್ತು. ಕಟ್ಟಡಕ್ಕೆಂದು ಬಂದ ಹಣವನ್ನು ಅಡುಗೆಮನೆ ಬರಿದಾದ ದಿನವೂ ಮುಟ್ಟುತ್ತಿರಲಿಲ್ಲ. ಅಪ್ಪನ ಪೆಟ್ಟಿಗೆಗೆ ಕೈಹಾಕಿದ್ದ ಅದೇ ಕೈ! ವರ್ಷವರ್ಷವೂ ವರದಿ ಅಚ್ಚು ಹಾಕಿಸುವುದೂ ಒಂದು ಬಗೆಯ ಬೇಡಿಕೆಯೇ ಅಲ್ಲವೇ ಎಂದು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ 1841ರ ಡಿಸೆಂಬರ್‌ನಲ್ಲಿ ಕೈಯಲ್ಲಿ ಹಣವೇ ಇಲ್ಲದಿದ್ದಾಗ ಅವರು ಮಾಡಿದ್ದೇನು ಗೊತ್ತೇ? ವರದಿಯನ್ನೂ ವಾರ್ಷಿಕ ಸಭೆಯನ್ನೂ ಮುಂದಕ್ಕೆ ಹಾಕಿದರು. ಆ ಹೊತ್ತಿನಲ್ಲಿ ಲೆಕ್ಕ ತೋರಿಸಿದರೆ ಕೊರತೆ ತೋಡಿಕೊಂಡಂತೆ ಆಗುತ್ತದೆ ಎಂದು.

ಮುಲ್ಲರ್ ಎಂದ ಕೂಡಲೇ ಎಲ್ಲರೂ ಹೇಳುವುದು ಬ್ರೆಡ್ಡು, ಹಾಲು ಬಾಗಿಲಿಗೇ ಬಂದ ಕಥೆ. ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನನಗೆ ಅದಕ್ಕಿಂತ ಇಷ್ಟವಾದದ್ದು ಬಾಯ್ಲರ್ ಕಥೆ. 1857ರ ನವೆಂಬರ್ ಕೊನೆಯಲ್ಲಿ ಮೊದಲ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಸೋರತೊಡಗಿತು. ಸುತ್ತ ಇಟ್ಟಿಗೆಯ ಗೋಡೆ. ಅದನ್ನು ಒಡೆಯದೆ ಸೋರಿಕೆ ಎಲ್ಲಿದೆ ಎಂದು ತಿಳಿಯುವಂತಿಲ್ಲ. ಹೊಸದನ್ನು ಕೂರಿಸಲು ವಾರಗಳೇ ಬೇಕು. ಒಳಗೆ 300 ಮಕ್ಕಳು. ಮುಲ್ಲರ್ ಸುಮ್ಮನೆ ಕಣ್ಣು ಮುಚ್ಚಿ ಕೂರಲಿಲ್ಲ. ಗ್ಯಾಸ್ ಸ್ಟವ್ ಸಾಕಾಗುತ್ತದೆಯೇ ಎಂದು ವಿಚಾರಿಸಿದರು, ಆಗದು ಎಂದು ತಿಳಿಯಿತು. ಕೆಲಸಗಾರರನ್ನು ಗೊತ್ತುಮಾಡಿ ಬೆಂಕಿ ಆರಿಸುವ ದಿನ ನಿಗದಿ ಮಾಡಿದರು. ಅಷ್ಟರಲ್ಲಿ ಕೊರೆಯುವ ಉತ್ತರದ ಗಾಳಿ ಶುರು. ಆಗ ಅವರು ದೇವರಲ್ಲಿ ಎರಡನ್ನು ಕೇಳಿದರು: ತೆಂಕಣ ಗಾಳಿ, ಕೆಲಸಗಾರರಿಗೆ ದುಡಿಯುವ ಮನಸ್ಸು. ಹಿಂದಿನ ಸಂಜೆಯವರೆಗೂ ಉತ್ತರದ ಗಾಳಿಯೇ. ಬೆಂಕಿ ಆರಿಸಬೇಕಾದ ಬುಧವಾರ ಗಾಳಿ ತೆಂಕಣದಿಂದ ಬೀಸಿತು, ಕಟ್ಟಡಕ್ಕೆ ಬೆಂಕಿಯೇ ಬೇಡವಾಯಿತು. ಆ ರಾತ್ರಿ ಮೇಸ್ತ್ರಿ, ತನ್ನವರು ತಡವಾಗುವವರೆಗೆ ದುಡಿದು ಬೆಳಿಗ್ಗೆ ಬೇಗ ಬರುತ್ತಾರೆ ಎಂದ. ಕೆಲಸಗಾರರು ಅದನ್ನೂ ಒಪ್ಪಲಿಲ್ಲ, ರಾತ್ರಿಯಿಡೀ ದುಡಿಯುತ್ತೇವೆ ಎಂದರು! ಸುಮಾರು 30 ಗಂಟೆಗಳಲ್ಲಿ ಬಾಯ್ಲರ್‌ನಲ್ಲಿ ಮತ್ತೆ ಬೆಂಕಿ ಉರಿಯಿತು. ಗಾಳಿ ದಿಕ್ಕು ಬದಲಿಸುವುದು ಹವಾಮಾನದ ಸಹಜ ಆಟ ಎಂದು ನನ್ನ ರೂಮ್‌ಮೇಟ್ ವಾದಿಸುತ್ತಾನೆ. ಇರಬಹುದು. ನನಗೆ ಮಾತ್ರ ಗಾಳಿಗಿಂತ ಆ ಕೆಲಸಗಾರರೇ ದೊಡ್ಡ ಅಚ್ಚರಿ.

1898ರ ಮಾರ್ಚ್ 10ರ ಬೆಳಿಗ್ಗೆ, 92ನೇ ವಯಸ್ಸಿನಲ್ಲಿ, ಮುಲ್ಲರ್ ಅನಾಥಾಲಯದ ತಮ್ಮ ಕೋಣೆಯಲ್ಲೇ ತೀರಿಕೊಂಡರು. ಹಿಂದಿನ ಸಂಜೆ ಪ್ರಾರ್ಥನಾ ಕೂಟ ನಡೆಸಿದ್ದರು. ಅವರ ಕೈಮೂಲಕ ಹಾದುಹೋದ ಹಣ ಸುಮಾರು 15 ಲಕ್ಷ ಪೌಂಡ್. ಸ್ವಂತದ್ದೆಂದು ಉಳಿದದ್ದು ಮನೆಸಾಮಾನು ಸೇರಿ 160 ಪೌಂಡ್ ಚಿಲ್ಲರೆ. ವರದಿಗಳಲ್ಲಿ ವರ್ಷ ವರ್ಷವೂ ಹೆಸರು ಹೇಳದ ಒಬ್ಬ ದಾನಿಯ ಕಾಣಿಕೆ ದಾಖಲಾಗುತ್ತಿತ್ತು. ಒಟ್ಟು 81,000 ಪೌಂಡ್‌ಗೂ ಹೆಚ್ಚು. ಆ ದಾನಿ ಮುಲ್ಲರ್ ಅವರೇ.