ಹತ್ತಿಯ ಅರಸ ಪ್ರೇಮಚಂದ್ ರಾಯಚಂದ್ ಮತ್ತು 1865ರ ಮುಂಬಯಿ ಕುಸಿತ

ಅಂಧೇರಿಯಿಂದ ಲೋಕಲ್ ಗಾಡಿ ಹಿಡಿದು ಚರ್ಚ್‌ಗೇಟಿಗೆ ಉದ್ಯೋಗಕ್ಕೆಂದು ಹೋಗುವ ನಮ್ಮ ಕನ್ನಡ ಬಾಂಧವರು ಅಸಂಖ್ಯ. ಆ ಹಾದಿಯ ಕೊನೆಯ ತುಣುಕು, ದಿವಾಳಿಯೆದ್ದ ಕಂಪೆನಿಯೊಂದು ಸಮುದ್ರದಿಂದ ಗೆದ್ದ ನೆಲದ ಮೇಲಿದೆಯೆಂಬುದನ್ನು ಬಲ್ಲವರು ವಿರಳ. ಆ ಕಂಪೆನಿಯ ಕಥೆಯೊಡನೆ ಬೆಸೆದುಕೊಂಡ ಹೆಸರು ಪ್ರೇಮಚಂದ್ ರಾಯಚಂದ್.

1831ರಲ್ಲಿ ಸೂರತ್ತಿನ ಜೈನ ಮನೆತನದಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯೊಂದಿಗೆ ಮುಂಬಯಿ ಸೇರಿದರು. ಇಂಗ್ಲಿಷ್ ಬಲ್ಲ ದೇಶೀ ದಲಾಲರು ದುರ್ಲಭವಾಗಿದ್ದ ಆ ಕಾಲದಲ್ಲಿ ಅವರ ಏಳಿಗೆ ಶೀಘ್ರವಾಯಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ತಲಪದಾಯಿತು. ಇಂಗ್ಲೆಂಡಿನ ಕಣ್ಣು ಭಾರತದತ್ತ ಹೊರಳಿತು. ಇಲ್ಲಿ ನಮ್ಮ ನಾಡಿನ ಪಾತ್ರವನ್ನೂ ಸ್ಮರಿಸಬೇಕು. ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಅದಾಗಲೇ ಬೇರೂರಿತ್ತು. ಬಂದರಿನ ಹೆಸರಿನಿಂದಲೇ ಕುಮಟಾ ಹತ್ತಿಯೆಂಬ ವ್ಯಾಪಾರನಾಮ ಹುಟ್ಟಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆಯೂ ಈ ಹತ್ತಿಯ ಸಾಗಾಟದ ಚಿಂತೆಯಿತ್ತು. ಯುದ್ಧಕಾಲದಲ್ಲಿ ಮುಂಬಯಿಗೆ ಹರಿದುಬಂದ ಹೆಚ್ಚುವರಿ ಹಣ ಸುಮಾರು 7 ಕೋಟಿ ಪೌಂಡ್ ಎಂಬ ಅಂದಾಜಿದೆ.

ಹಣ ಬಂತು, ಹೂಡಲು ಜಾಗ ಸಾಲದಾಯಿತು. ದಿನಕ್ಕೊಂದು ಬ್ಯಾಂಕು, ವಾರಕ್ಕೊಂದು ಕಂಪೆನಿ ಎಂಬಂತಾಯಿತು. ಬ್ಯಾಕ್‌ಬೇ ರೆಕ್ಲಮೇಶನ್ ಕಂಪೆನಿಯ 5,000 ರೂಪಾಯಿಯ ಷೇರು 50,000ಕ್ಕೇರಿತೆಂದು ದಾಖಲಾಗಿದೆ. ಆದರೆ ಬರಿಯ ದುರಾಸೆಯಿಂದ ಇಷ್ಟು ದೊಡ್ಡ ಅನಾಹುತವಾಗದು. ಷೇರುಗಳನ್ನೇ ಒತ್ತೆಯಿರಿಸಿಕೊಂಡು ಸಾಲ ಕೊಡುವುದಕ್ಕೆ 1863ರ ಕಾಯಿದೆಯು ಬ್ಯಾಂಕ್ ಆಫ್ ಬಾಂಬೆಗೆ ದಾರಿ ತೆರೆಯಿತು. ಸಾಲದ ಹಣದಿಂದ ಷೇರು, ಆ ಷೇರಿನ ಮೇಲೆ ಮತ್ತೆ ಸಾಲ! ಬ್ಯಾಂಕಿನ ಅಧಿಕಾರಿಗಳ ಮೇಲೆ ಪ್ರೇಮಚಂದರಿಗೆ ಅಪಾರ ಪ್ರಭಾವವಿತ್ತು. ಅವರ ಒಂದು ಮಾತಿಗೆ ಸಾಲ ಮಂಜೂರಾಗುತ್ತಿತ್ತು. 2008ರ ಅಮೆರಿಕದ ಗೃಹಸಾಲದ ಬಿಕ್ಕಟ್ಟನ್ನು ಕಂಡ ನಮಗೆ ಈ ಲೆಕ್ಕಾಚಾರ ಅಪರಿಚಿತವೇನಲ್ಲ.

1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾನಿ ಲೀ ಶರಣಾದನು. ಸುದ್ದಿ ತಲಪುತ್ತಲೇ ಹತ್ತಿಯ ದರ ಕುಸಿಯಿತು. ಜುಲೈ 1 ವಾಯಿದೆ ವ್ಯವಹಾರಗಳನ್ನು ತೀರಿಸಬೇಕಾದ ದಿನ. ಕೊಳ್ಳುತ್ತೇವೆಂದವರ ಬಳಿ ಹಣವಿರಲಿಲ್ಲ. 2,850 ರೂಪಾಯಿಗೆ ಮಾರಾಟವಾಗಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು ಮುಂದೆ 87ಕ್ಕಿಳಿಯಿತು. 1868ರಲ್ಲಿ ಆ ಬ್ಯಾಂಕು ಮುಚ್ಚಿ, ಅದೇ ಹೆಸರಿನ ಹೊಸ ಬ್ಯಾಂಕು ಹುಟ್ಟಿತು. ಬ್ಯಾಕ್‌ಬೇ ಕಂಪೆನಿ ಪಡೆದಿದ್ದ ನೆಲ ರೈಲುಹಳಿಯ ಪಾಲಾಯಿತು.

ಇಡೀ ಹೊಣೆಯನ್ನು ಪ್ರೇಮಚಂದರೊಬ್ಬರ ತಲೆಗೆ ಕಟ್ಟುವುದು ನ್ಯಾಯವೆಂದು ನಮಗನಿಸುವುದಿಲ್ಲ. ಬ್ಯಾಂಕಿನಲ್ಲಿ ಸರಕಾರದ ಪಾಲೂ ಇತ್ತು, ಸರಕಾರ ನೇಮಿಸಿದ ನಿರ್ದೇಶಕರೂ ಇದ್ದರು. ಆದರೂ ಮನೆಮಠ ಕಳೆದುಕೊಂಡವರ ಶಾಪ ಅವರಿಗೇ ತಟ್ಟಿತು.

ಸರ್ವಸ್ವವನ್ನೂ ಕಳೆದುಕೊಂಡ ಅವರು ಮತ್ತೆ ವ್ಯಾಪಾರದಲ್ಲಿ ನೆಲೆಕಂಡರು. ಕುಸಿತಕ್ಕೆ ಮುನ್ನ, 1864ರಲ್ಲಿ, ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಗ್ರಂಥಾಲಯಕ್ಕಾಗಿ 2 ಲಕ್ಷ, ಗಡಿಯಾರ ಗೋಪುರಕ್ಕಾಗಿ 2 ಲಕ್ಷ ರೂಪಾಯಿ ದಾನವಿತ್ತಿದ್ದರು. ಗೋಪುರಕ್ಕೆ ತಾಯಿ ರಾಜಾಬಾಯಿಯ ಹೆಸರು. ಕಣ್ಣು ಕಾಣದ ಆ ತಾಯಿಗೆ ಗಂಟೆಯ ಸದ್ದಿನಿಂದ ಹೊತ್ತು ತಿಳಿಯಲೆಂದು ಕಟ್ಟಿಸಿದರೆಂಬ ಐತಿಹ್ಯವಿದೆ. ಗೋಪುರ ಪೂರ್ಣಗೊಂಡದ್ದು 1878ರಲ್ಲಿ. ಪ್ರೇಮಚಂದರು ನಿಧನರಾದುದು 1906ರಲ್ಲಿ.